ಗಣಿಬಾವಿಯ ದಡದ ಗೋಡೆಗಳು

ಮ್ಯಾಂಚೆಸ್ಟರಿನ ಪೂರ್ವಕ್ಕೆ, ಆಷ್ಟನ್-ಅಂಡರ್-ಲೈನ್ ಪಟ್ಟಣದ ಬದಿಯಲ್ಲಿ, ಮೆಡ್ಲಾಕ್ ಎಂಬ ಪುಟ್ಟ ನದಿ ಕೊರೆದ ಕಣಿವೆಯೊಂದಿದೆ. ಹಿಂದೆ ಕಬ್ಬಿಣದ ಕಾರ್ಖಾನೆಯಿದ್ದ ಪಾರ್ಕ್ ಬ್ರಿಜ್ ಹಳ್ಳಿಯ ಸಮೀಪ, ನದಿಯ ಪಕ್ಕದ ಮರಗಳ ನಡುವೆ, ಹಳೆಯ ಕಲ್ಲುಕಟ್ಟಡವೊಂದರ ಬುಡ ಉಳಿದುಕೊಂಡಿದೆ. ಕೆತ್ತನೆಯಿಲ್ಲ, ಕಮಾನಿಲ್ಲ, ವಿಷಯ ತಿಳಿಯದವರು ನಿಲ್ಲದೆ ದಾಟಿ ಹೋಗುವಂಥ ಜಾಗ. ಆದರೆ 1760ರ ಆಸುಪಾಸಿನಿಂದ 1830ರ ಆಸುಪಾಸಿನವರೆಗೆ ಇಲ್ಲಿ ಒಂದು ಉಗಿಯಂತ್ರ ನಿಂತಿತ್ತು. ಕೆಳಗಿನ ಕಲ್ಲಿದ್ದಲು ಗಣಿಯ ನೀರನ್ನು ಮೇಲೆತ್ತಿ ಹೊರಹಾಕುವುದೊಂದೇ ಅದರ ಕೆಲಸ. ಮೇಲಕ್ಕೂ ಕೆಳಕ್ಕೂ ತಲೆಯಾಡಿಸುತ್ತಿದ್ದ ಅದನ್ನು ಊರಿನವರು ಫೇರ್‌ಬಾಟಮ್ ಬಾಬ್ಸ್ ಎಂದು ಕರೆದರು. ಯಂತ್ರ ಇಂದು ಅಲ್ಲಿಲ್ಲ. ಅಟ್ಲಾಂಟಿಕ್ ಸಾಗರದ ಆಚೆ, ಅಮೆರಿಕದ ಡಿಯರ್‌ಬಾರ್ನ್ ಪಟ್ಟಣದ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ. ಪ್ರಪಂಚದಲ್ಲಿ ಉಳಿದುಬಂದಿರುವ ಅತಿ ಹಳೆಯ ಉಗಿಯಂತ್ರಗಳಲ್ಲಿ ಅದೂ ಒಂದು.

ಈ ಸೀಮೆಗೆ ಬಂದು ನೆಲೆಸಿದ ಮೇಲೆ ನಾನು ಆ ಕಣಿವೆಗೆ ಹಲವು ಬಾರಿ ಹೋಗಿದ್ದೇನೆ. ಹೋದಷ್ಟೂ ನನ್ನಲ್ಲಿ ಬಲಗೊಂಡ ಅಭಿಪ್ರಾಯವೆಂದರೆ, ಮೊದಲ ಕಾಲದ ಉಗಿಯಂತ್ರಗಳನ್ನು ಅವು ನಿಂತಿದ್ದ ಗೋಡೆ, ಬಾವಿ ಮತ್ತು ನೆಲದಿಂದ ಬೇರ್ಪಡಿಸಿ ಅರ್ಥ ಮಾಡಿಕೊಳ್ಳಲು ಸಾಧ್ಯವಿಲ್ಲ ಎಂಬುದು. ಉಗಿಯಂತ್ರವೆಂದೊಡನೆ ನಮಗೆ ನೆನಪಾಗುವುದು ಊರಿಂದೂರಿಗೆ ಓಡುವ ರೈಲು. ಅದಕ್ಕಿಂತ ನೂರು ವರ್ಷ ಮೊದಲೇ ಹುಟ್ಟಿದ ಈ ಯಂತ್ರಗಳು ಗಣಿಯ ಬಾಯಲ್ಲೇ ಹುಟ್ಟಿ, ಗಣಿಯ ಕಲ್ಲಿದ್ದಲನ್ನೇ ತಿಂದು, ಗಣಿಯ ನೀರನ್ನೇ ಎತ್ತಿ, ಗಣಿ ಮುಗಿದಾಗ ತಾವೂ ಮುಗಿದವು. ಆದ್ದರಿಂದಲೇ ಅವುಗಳ ಪಾಳುಮನೆಗಳ ಬಗ್ಗೆ ನನಗೆ ಇಷ್ಟು ಕಾಳಜಿ.

ಕಲ್ಲಿದ್ದಲು ಗಣಿಗಾರನ ಮೊದಲ ಶತ್ರು ನೀರು. ನೆಲದ ಮೇಲ್ಪದರದಲ್ಲಿ ಸಿಗುವ ಕಲ್ಲಿದ್ದಲನ್ನು ಜನ ಶತಮಾನಗಳಿಂದ ಅಗೆದು ತೆಗೆಯುತ್ತಿದ್ದರು. ಅದು ತೀರಿ ಆಳಕ್ಕೆ ಇಳಿಯತೊಡಗಿದೊಡನೆ ಒರತೆ ನೀರು ನುಗ್ಗಿ ಸುರಂಗಗಳನ್ನು ತುಂಬಿತು. ಗಣಿ ಗುಡ್ಡದ ಮೇಲಿದ್ದರೆ ಕೆಳಗಿನ ಕಣಿವೆಯ ಕಡೆಗೆ ಇಳಿಜಾರಿನ ಕಾಲುವೆ ಕೊರೆದು ನೀರನ್ನು ಹರಿಯಬಿಡಬಹುದು. ಕಣಿವೆಯ ಮಟ್ಟಕ್ಕಿಂತ ಕೆಳಗಿಳಿದರೆ ಆ ದಾರಿ ಮುಚ್ಚಿತು. ಆಮೇಲೆ ಉಳಿಯುವುದು ಕುದುರೆಗಳನ್ನು ಗಾಣದಂತೆ ಸುತ್ತಿಸಿ ನೀರೆತ್ತುವ ಕೆಲಸ. ವಾರಿಕ್‌ಶೈರಿನ ಗ್ರಿಫ್ ಎಂಬ ಗಣಿಯಲ್ಲಿ 1711ರ ಹೊತ್ತಿಗೆ ಈ ಕುದುರೆಗಳಿಗೇ ವರ್ಷಕ್ಕೆ 900 ಪೌಂಡ್ ಖರ್ಚಾಗುತ್ತಿತ್ತೆಂದು ಡೆಸಾಗುಲಿಯೆ ಎಂಬ ವಿಜ್ಞಾನಿ ಬರೆದಿಟ್ಟಿದ್ದಾನೆ. ಅಂದಿನ ಕಾಲಕ್ಕೆ ಅದು ಬಹು ದೊಡ್ಡ ಮೊತ್ತ. ಎಷ್ಟೋ ಗಣಿಗಳಲ್ಲಿ ಕಲ್ಲಿದ್ದಲು ಕಣ್ಣೆದುರೇ ಇದ್ದರೂ ನೀರಿನ ಖರ್ಚು ಭರಿಸಲಾಗದೆ ಕೆಲಸ ನಿಂತುಹೋಗುತ್ತಿತ್ತು.

ಬೆಂಕಿಯಿಂದ ನೀರೆತ್ತುವ ಉಪಾಯಕ್ಕೆ ಥಾಮಸ್ ಸೇವರಿ 1698ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಅವನ ಸಾಧನ ಆಳವಾದ ಗಣಿಗಳಿಗೆ ಒದಗಲಿಲ್ಲ. ಒದಗಿದ್ದು ಡೆವನ್ ಪ್ರಾಂತದ ಡಾರ್ಟ್‌ಮತ್ ಊರಿನ ಕಬ್ಬಿಣದ ವ್ಯಾಪಾರಿ ಥಾಮಸ್ ನ್ಯೂಕಮನ್ ತನ್ನ ಜೊತೆಗಾರ ಜಾನ್ ಕ್ಯಾಲಿಯೊಡನೆ ರೂಪಿಸಿದ ಯಂತ್ರ. 1712ರಲ್ಲಿ ಡಡ್ಲಿ ಕೋಟೆಯ ಹತ್ತಿರದ ಕಲ್ಲಿದ್ದಲು ಗಣಿಯೊಂದರಲ್ಲಿ ಅದು ಕೆಲಸಕ್ಕೆ ನಿಂತಿತು. ನಿಮಿಷಕ್ಕೆ 12 ಸಲ ಅದರ ತೊಲೆ ಆಡುತ್ತಿತ್ತು. ಒಂದೊಂದು ಆಟಕ್ಕೂ 10 ಗ್ಯಾಲನ್, ಅಂದರೆ ಸುಮಾರು 45 ಲೀಟರ್ ನೀರು 153 ಅಡಿ ಆಳದಿಂದ ಮೇಲೆ ಬರುತ್ತಿತ್ತು. ಇಂದಿನ ಲೆಕ್ಕದಲ್ಲಿ ಅದು ಐದೂವರೆ ಅಶ್ವಶಕ್ತಿಯಷ್ಟೇ. ನಮ್ಮ ರೈತರ ಕೊಳವೆಬಾವಿಗಳ ಪಂಪುಗಳಲ್ಲೂ ಅಷ್ಟು ಶಕ್ತಿ ಸಾಮಾನ್ಯ. ಆದರೆ ಅದು ಹಗಲು ರಾತ್ರಿ ದಣಿಯದೆ ದುಡಿಯಬಲ್ಲ ಮೊದಲ ಉಗಿಯಂತ್ರ. ಸೇವರಿಯ ಪೇಟೆಂಟಿನ ಅವಧಿ 1733ರಲ್ಲಿ ಮುಗಿಯುವ ಹೊತ್ತಿಗೆ ಇಂಥ ನೂರಕ್ಕೂ ಹೆಚ್ಚು ಯಂತ್ರಗಳು ತಲೆಯೆತ್ತಿದ್ದವು. ನ್ಯೂಕಮನ್ ಅದನ್ನು ನೋಡಲು ಉಳಿದಿರಲಿಲ್ಲ. 1729ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡಿದ್ದ.

ಯಂತ್ರದ ನಡೆಯನ್ನು ತಿಳಿಯದೆ ಅದರ ಮನೆಯನ್ನು ತಿಳಿಯಲಾಗದು. ನಮ್ಮ ಹಳ್ಳಿಗಳ ಬಾವಿಗಳ ಮೇಲಿರುತ್ತಿದ್ದ ಏತವನ್ನು ನೆನಪಿಸಿಕೊಂಡರೆ ಅರ್ಧ ವಿಷಯ ತಿಳಿದಂತೆ: ನಡುವೆ ಆಧಾರವಿರುವ ಉದ್ದನೆಯ ಮರದ ತೊಲೆ, ಒಂದು ತುದಿಯಲ್ಲಿ ಬಾವಿಗೆ ಇಳಿದ ಭಾರ, ಇನ್ನೊಂದು ತುದಿಯನ್ನು ಕೆಳಗೆ ಒತ್ತಲು ಬೇಕಾದ ಬಲ. ಏತದಲ್ಲಿ ಆ ಬಲವನ್ನು ಮನುಷ್ಯ ಕೊಟ್ಟರೆ ಇಲ್ಲಿ ಗಾಳಿ ಕೊಡುತ್ತದೆ. ತೊಲೆಯ ಒಳತುದಿಯಿಂದ ಸರಪಳಿಯಲ್ಲಿ ಇಳಿಬಿಟ್ಟ ಪಿಸ್ಟನ್ ದೊಡ್ಡ ಸಿಲಿಂಡರಿನೊಳಗೆ ಆಡುತ್ತದೆ. ಸಿಲಿಂಡರಿನ ಮೇಲ್ಬಾಯಿ ತೆರೆದೇ ಇರುತ್ತದೆ. ಪಂಪಿನ ಸಲಾಕೆಗಳ ಭಾರಕ್ಕೆ ತೊಲೆಯ ಹೊರತುದಿ ಕೆಳಗಿಳಿದಾಗ ಪಿಸ್ಟನ್ ಮೇಲೇರಿ, ಬಾಯ್ಲರಿನ ಉಗಿ ಸಿಲಿಂಡರನ್ನು ತುಂಬುತ್ತದೆ. ಆಗ ಒಳಗೆ ತಣ್ಣೀರು ಚಿಮ್ಮಿಸಿದರೆ ಉಗಿ ಒಮ್ಮೆಲೇ ನೀರಾಗಿ ಕುಗ್ಗಿ, ಸಿಲಿಂಡರಿನೊಳಗೆ ಹೆಚ್ಚುಕಡಿಮೆ ಶೂನ್ಯ ಉಂಟಾಗುತ್ತದೆ. ಮೇಲಿನ ವಾತಾವರಣದ ಗಾಳಿ ಪಿಸ್ಟನ್ನನ್ನು ಕೆಳಗೆ ಒತ್ತುತ್ತದೆ, ತೊಲೆಯ ಹೊರತುದಿ ಏಳುತ್ತದೆ, ಗಣಿಯ ಆಳದಿಂದ ನೀರು ಮೇಲೆ ಬರುತ್ತದೆ.

ಫೇರ್‌ಬಾಟಮ್ ಯಂತ್ರದ ಸಿಲಿಂಡರಿನ ವ್ಯಾಸ ಸುಮಾರು 28 ಅಂಗುಲ. ಆ ಅಗಲದ ಪಿಸ್ಟನ್ನಿನ ಮೇಲೆ ಪೂರ್ತಿ ವಾತಾವರಣದ ಒತ್ತಡ ಬಿದ್ದರೆ ಅದು ನಾಲ್ಕು ಟನ್ನಿನಷ್ಟಾಗುತ್ತದೆ. ಒಳಗಿನ ಶೂನ್ಯ ಪೂರ್ಣವಾಗಿರುತ್ತಿರಲಿಲ್ಲವಾದ್ದರಿಂದ ಅದರಲ್ಲಿ ಅರ್ಧದಷ್ಟು ಕೈಗೆ ಸಿಗುತ್ತಿತ್ತೆಂದು ಇಟ್ಟುಕೊಳ್ಳೋಣ. ಆ ಎರಡು ಟನ್ನು ಒಳತುದಿಯನ್ನು ಕೆಳಗೆಳೆಯುವಾಗ ಹೊರತುದಿಯಲ್ಲಿ ಅಷ್ಟೇ ಭಾರದ ನೀರು ಮತ್ತು ಸಲಾಕೆಗಳು ಜೋತಿರುತ್ತವೆ. ಎರಡೂ ಸೇರಿ, ಜೊತೆಗೆ ತೊಲೆಯ ಸ್ವಂತ ತೂಕವೂ ಸೇರಿ, ನಡುವಿನ ಆಧಾರದ ಮೇಲೆ ಬೀಳುತ್ತವೆ. ನಿಮಿಷಕ್ಕೆ ಹತ್ತು ಹನ್ನೆರಡು ಸಲ, ವರ್ಷಗಟ್ಟಲೆ, ಈ ಭಾರವನ್ನು ಹೊತ್ತದ್ದು ಕಲ್ಲಿನ ಗೋಡೆ.

ಆದ್ದರಿಂದಲೇ ಎಂಜಿನ್ ಮನೆಯ ಒಂದು ಗೋಡೆ ಉಳಿದ ಮೂರಕ್ಕಿಂತ ಯಾವಾಗಲೂ ದಪ್ಪ. ಪಾಳುಬಿದ್ದ ಮನೆಯ ಮುಂದೆ ನಿಂತಾಗ ಮೊದಲು ಹುಡುಕಬೇಕಾದದ್ದು ಈ ತೊಲೆಗೋಡೆಯನ್ನು. ಅದು ಸಿಕ್ಕಿತೆಂದರೆ ಗಣಿಬಾವಿ ಎಲ್ಲಿತ್ತೆಂಬುದೂ ಗೊತ್ತಾಗುತ್ತದೆ, ಏಕೆಂದರೆ ಬಾವಿ ಆ ಗೋಡೆಯ ಹೊರಮಗ್ಗುಲಲ್ಲೇ ಇರಬೇಕು. ತೊಲೆಯ ಅರ್ಧ ಮನೆಯ ಒಳಗೆ, ಅರ್ಧ ಮನೆಯ ಹೊರಗೆ ಬಾವಿಯ ಮೇಲೆ. ಇನ್ನು ಪಕ್ಕದ ಗೋಡೆಗಳಲ್ಲಿ ಎದುರುಬದುರಾಗಿ ದೊಡ್ಡ ಚೌಕ ಗೂಡುಗಳು ಕಂಡರೆ ಅವು ಸಿಲಿಂಡರನ್ನು ಹಿಡಿದ ಮರದ ದಿಮ್ಮಿಗಳ ಜಾಗ. ಸಿಲಿಂಡರಿನೊಳಗೆ ಶೂನ್ಯ ಉಂಟಾದಾಗ ಗಾಳಿ ಪಿಸ್ಟನ್ನನ್ನು ಕೆಳಗೆ ಒತ್ತುವಷ್ಟೇ ಬಲದಿಂದ ಸಿಲಿಂಡರಿನ ತಳವನ್ನು ಮೇಲಕ್ಕೆ ಒತ್ತುತ್ತದೆ. ಅದನ್ನು ಕದಲದಂತೆ ಹಿಡಿದಿಡಲು ದಿಮ್ಮಿಗಳ ಮೇಲೆ ಇಡೀ ಗೋಡೆಯ ಭಾರ ಬೇಕಾಗುತ್ತಿತ್ತು. ಅಂದರೆ ತೊಲೆ ಕೆಳಕ್ಕೆ ಒತ್ತುತ್ತದೆ, ಸಿಲಿಂಡರು ಮೇಲಕ್ಕೆ ಎಳೆಯುತ್ತದೆ, ಈ ಎರಡರ ನಡುವೆ ನಿಂತು ಎರಡನ್ನೂ ತಾಳಿಕೊಳ್ಳುವುದು ಕಟ್ಟಡ. ಮುಂದಿನ ಶತಮಾನದ ಯಂತ್ರಗಳಿಗೆ ಕಬ್ಬಿಣದ ಚೌಕಟ್ಟು ಬಂದಮೇಲೆ ಕಟ್ಟಡ ಬರಿಯ ಮಳೆ ಬಿಸಿಲಿನ ಮರೆಯಾಯಿತು. ನ್ಯೂಕಮನ್ನನ ಕಾಲದಲ್ಲಿ ಆ ಚೌಕಟ್ಟಿನ ಕೆಲಸವನ್ನು ಕಲ್ಲು ಗಾರೆಯೇ ಮಾಡುತ್ತಿದ್ದವು. ಗಾರೆ ಕೆಲಸದವನು ಇಲ್ಲಿ ಯಂತ್ರ ಕಟ್ಟಿದವರಲ್ಲಿ ಒಬ್ಬ; ಆದರೆ ಅವನ ಹೆಸರು ಎಲ್ಲೂ ಉಳಿಯಲಿಲ್ಲ.

ಫೇರ್‌ಬಾಟಮ್‌ನಲ್ಲಿ ಇದು ಇನ್ನೂ ಬಿಚ್ಚಿ ತೋರಿಸಿದಂತಿತ್ತು. ಹಳೆಯ ಛಾಯಾಚಿತ್ರಗಳಲ್ಲಿ ಕಾಣುವಂತೆ ಅಲ್ಲಿ ತೊಲೆಯನ್ನು ಸುತ್ತುವರಿದ ಮನೆಯೇ ಇರಲಿಲ್ಲ. ಬಯಲಿನಲ್ಲಿ ಎದ್ದುನಿಂತ ಕಲ್ಲಿನ ಕಂಬದಂಥ ಗೋಡೆ, ಅದರ ನೆತ್ತಿಯ ಮೇಲೆ ಮರದ ತೊಲೆ, ತೊಲೆಯ ಎರಡೂ ತುದಿಗಳಿಗೆ ಸರಪಳಿ ಸುತ್ತಿಕೊಳ್ಳಲು ಬಿಲ್ಲಿನಾಕಾರದ ಮರದ ತಲೆಗಳು. ಗಣಿಯ ಮಾಲೀಕ ಒಂದು ಗೋಡೆಯಷ್ಟೇ ಸಾಕೆಂದು ಲೆಕ್ಕ ಹಾಕಿದ್ದಿರಬೇಕು. ಕೆಲಸ ನಿಂತ ಮೇಲೂ ಯಂತ್ರ ಅಲ್ಲಿಯೇ, ಮಳೆಯಲ್ಲಿ ನೆನೆಯುತ್ತ, ನೂರು ವರ್ಷ ನಿಂತಿತ್ತು. ಜನ ಅದನ್ನು ನೋಡಲು ಬರುತ್ತಿದ್ದರು. ಅದರ ಚಿತ್ರವಿದ್ದ ಅಂಚೆಕಾರ್ಡುಗಳೂ ಬಂದವು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಜೇಮ್ಸ್ ವಾಟ್ 1769ರಲ್ಲೇ ಉಗಿಯನ್ನು ಬೇರೆ ಪಾತ್ರೆಯಲ್ಲಿ ತಣಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ನ್ಯೂಕಮನ್ ಯಂತ್ರದಲ್ಲಿ ಪ್ರತಿ ಸಲವೂ ಇಡೀ ಸಿಲಿಂಡರು ಕಾದು, ಮತ್ತೆ ತಣ್ಣಗಾಗಿ, ಮತ್ತೆ ಕಾಯಬೇಕಾಗಿತ್ತು. ಉರಿಸಿದ ಕಲ್ಲಿದ್ದಲಿನ ಶಕ್ತಿಯಲ್ಲಿ ನೂರಕ್ಕೆ ಒಂದು ಪಾಲೂ ಕೆಲಸಕ್ಕೆ ಬರುತ್ತಿರಲಿಲ್ಲ. ವಾಟ್‌ನ ಯಂತ್ರ ಬಹಳಷ್ಟು ಇಂಧನ ಉಳಿಸಿತು. ಹಾಗಿದ್ದರೂ ಕಲ್ಲಿದ್ದಲು ಗಣಿಗಳವರು ಹಳೆಯ ಯಂತ್ರವನ್ನು ಬಿಡಲಿಲ್ಲ. ಬಿಡದಿದ್ದುದಷ್ಟೇ ಅಲ್ಲ, ಹೊಸದಾಗಿಯೂ ಅದನ್ನೇ ಕಟ್ಟಿದರು. ಕಾರಣ ಸರಳವಾಗಿದೆ. ಗಣಿಯಿಂದ ಬರುವ ಕಲ್ಲಿದ್ದಲಿನಲ್ಲಿ ಗಟ್ಟಿ ಉಂಡೆಗಳಿಗೆ ಮಾತ್ರ ಒಳ್ಳೆಯ ಬೆಲೆ. ಉಳಿದ ಪುಡಿಯನ್ನು ಕೊಳ್ಳುವವರು ವಿರಳ, ಸಾಗಿಸುವ ಖರ್ಚೂ ಹುಟ್ಟುತ್ತಿರಲಿಲ್ಲ. ಗಣಿಯ ಬಾಯಲ್ಲೇ ನಿಂತ ಯಂತ್ರಕ್ಕೆ ಆ ಪುಡಿಯೇ ಆಹಾರ. ಬಿಟ್ಟಿಯಾಗಿ ಬರುವ ಇಂಧನವನ್ನು ಉಳಿಸಲು ಯಾರು ಹಣ ತೆರುತ್ತಾರೆ? ಅದರಲ್ಲೂ ವಾಟ್ ಮತ್ತು ಅವನ ಪಾಲುದಾರ ಬೋಲ್ಟನ್ ಉಳಿತಾಯದ ಮೂರನೇ ಒಂದು ಪಾಲನ್ನು ಶುಲ್ಕವಾಗಿ ಕೇಳುತ್ತಿದ್ದರು. ಕಲ್ಲಿದ್ದಲನ್ನು ಹಡಗಿನಲ್ಲಿ ತರಿಸಬೇಕಾಗಿದ್ದ ಕಾರ್ನ್‌ವಾಲಿನ ತವರ ಮತ್ತು ತಾಮ್ರದ ಗಣಿಗಳವರಿಗೆ ಆ ವ್ಯವಹಾರ ಲಾಭದ್ದಾಗಿತ್ತು. ಲ್ಯಾಂಕಶೈರ್, ಯಾರ್ಕ್‌ಶೈರಿನ ಗಣಿಗಳವರಿಗೆ ಅದರ ಅಗತ್ಯ ಕಾಣಲಿಲ್ಲ. ಇಂಥ ಯಂತ್ರವನ್ನು ಕಲ್ಲಿದ್ದಲಿಲ್ಲದ ಊರಿಗೆ ಒಯ್ದರೆ ಅದು ದಂಡದ ವಸ್ತು, ಗಣಿಯ ದಡದಲ್ಲಿ ಮಾತ್ರ ಅದು ಜಾಣತನದ ವಸ್ತು.

ಬಾರ್ನ್‌ಸ್ಲಿ ಸಮೀಪದ ಎಲ್ಸಿಕಾರ್ ಹಳ್ಳಿ ಇದಕ್ಕೆ ಜೀವಂತ ಸಾಕ್ಷಿ. ಅರ್ಲ್ ಫಿಟ್ಸ್‌ವಿಲಿಯಂನ ಗಣಿಗಾಗಿ ಅಲ್ಲಿ ನ್ಯೂಕಮನ್ ಮಾದರಿಯ ಯಂತ್ರ ಕಟ್ಟಿದ್ದು 1795ರಲ್ಲಿ, ಎಂದರೆ ವಾಟ್‌ನ ಪೇಟೆಂಟಿಗೆ 26 ವರ್ಷ ತುಂಬಿದ ಮೇಲೆ. 1836ರಲ್ಲಿ ಮರದ ತೊಲೆಯ ಬದಲಿಗೆ ಎರಕದ ಕಬ್ಬಿಣದ ತೊಲೆ ಬಂತು. ಯಂತ್ರ 1923ರವರೆಗೆ ದುಡಿಯಿತು. 1928ರಲ್ಲಿ ವಿದ್ಯುತ್ ಪಂಪುಗಳಿಗೆ ನೀರು ಹತೋಟಿ ಮೀರಿದಾಗ ಈ ಮುದಿ ಯಂತ್ರವನ್ನೇ ಮತ್ತೆ ಎಬ್ಬಿಸಿ ಕೆಲಸಕ್ಕೆ ಹಚ್ಚಿದರು. ತಾನು ಹುಟ್ಟಿದ ಮನೆಯಲ್ಲಿ, ತಾನು ಬರಿದು ಮಾಡಿದ ಬಾವಿಯ ಮೇಲೆ, ಇಂದಿಗೂ ನಿಂತಿರುವ ನ್ಯೂಕಮನ್ ಮಾದರಿಯ ಯಂತ್ರ ಪ್ರಪಂಚದಲ್ಲಿ ಇದೊಂದೇ. ಈಚೆಗೆ ಅದನ್ನು ದುರಸ್ತಿ ಮಾಡಿದ್ದಾರೆ. ಉಗಿಯ ಬದಲು ಹೈಡ್ರಾಲಿಕ್ ವ್ಯವಸ್ಥೆಯಿಂದ ಅದರ ತೊಲೆ ನೋಡುಗರಿಗಾಗಿ ಆಡುತ್ತದೆ. ಕೆಳಗೆ ನಿಂತು ನೋಡಿದಾಗ ಆ ತೊಲೆ ಗೋಡೆಯನ್ನು ತೂರಿಕೊಂಡು ಹೊರಗೆ ಚಾಚಿರುವ ರೀತಿಯೇ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ.

ಬಾವಿಯ ಮೇಲೆ ತೊಲೆ ಚಾಚಿ ನಿಲ್ಲುವ ಈ ವಿನ್ಯಾಸಕ್ಕೆ ಒಂದು ಘೋರ ಮುಖವೂ ಇತ್ತು. ನಾರ್ತಂಬರ್ಲೆಂಡಿನ ನ್ಯೂ ಹಾರ್ಟ್ಲಿಯ ಗಣಿಗೆ ಒಂದೇ ಬಾವಿ. ಗಾಳಿ ಹೋಗುವುದೂ ಜನ ಇಳಿಯುವುದೂ ನೀರು ಬರುವುದೂ ಅದರಲ್ಲೇ. 1862ರ ಜನವರಿ 16ರಂದು ಪಂಪಿನ ಯಂತ್ರದ ಎರಕದ ಕಬ್ಬಿಣದ ತೊಲೆ ಮುರಿದು, 42 ಟನ್ನಿನ ಆ ತೊಲೆಯ ಹೊರಗಿನ ಅರ್ಧ ನೇರವಾಗಿ ಬಾವಿಗೆ ಬಿತ್ತು. ಬೀಳುವಾಗ ಬಾವಿಯ ಒಳಗೋಡೆಗಳನ್ನೂ ಮರಗಳನ್ನೂ ಕೆಡವಿಕೊಂಡು ಹೋಗಿ ದಾರಿಯನ್ನು ಮುಚ್ಚಿಹಾಕಿತು. ಒಟ್ಟು 204 ಗಂಡಸರೂ ಹುಡುಗರೂ ಸತ್ತರು. ಅವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಪೆಟ್ಟಲ್ಲ, ಹೊರಬರಲು ಇನ್ನೊಂದು ದಾರಿಯಿಲ್ಲದೆ ಒಳಗೇ ತುಂಬಿಕೊಂಡ ವಿಷಗಾಳಿ. ಗಣಿಗೆ ಎರಡು ಬಾವಿಗಳು ಕಡ್ಡಾಯವೆಂಬ ಕಾನೂನು ಅದೇ ವರ್ಷ ಬಂತು. ಎಂಜಿನ್ ಮನೆಯ ಗೋಡೆಗೂ ಬಾವಿಯ ಬಾಯಿಗೂ ನಡುವೆ ಇರುತ್ತಿದ್ದ ಅಂತರ ಎಷ್ಟು ಕಿರಿದೆಂಬುದನ್ನು ಯಾವುದೇ ಪಾಳುಮನೆಯಲ್ಲಿ ಕಣ್ಣಾರೆ ನೋಡಿದವರಿಗೆ ಈ ದುರಂತ ಬೇರೆಯಾಗಿಯೇ ಅರ್ಥವಾಗುತ್ತದೆ. ನ್ಯೂ ಹಾರ್ಟ್ಲಿಯಲ್ಲಿ ಬಾವಿಯಿದ್ದ ಜಾಗ ಇಂದು ಸ್ಮಾರಕ ಉದ್ಯಾನವಾಗಿದೆ.

ಮತ್ತೆ ಫೇರ್‌ಬಾಟಮ್‌ಗೆ ಬರೋಣ. ಮೋಟಾರು ಕಾರುಗಳ ಹೆನ್ರಿ ಫೋರ್ಡ್ 1920ರ ದಶಕದಲ್ಲಿ ತನ್ನ ವಸ್ತುಸಂಗ್ರಹಾಲಯಕ್ಕಾಗಿ ಬ್ರಿಟನ್ನಿನ ಹಳೆಯ ಯಂತ್ರಗಳನ್ನು ಹುಡುಕಿಸುತ್ತಿದ್ದ. ನೆಲದೊಡೆಯನಾದ ಅರ್ಲ್ ಆಫ್ ಸ್ಟ್ಯಾಮ್‌ಫರ್ಡ್ ಯಂತ್ರವನ್ನು ಅವನಿಗೆ ಕೊಟ್ಟ. 1930ರ ಹೊತ್ತಿಗೆ ಅದು ಕಳಚಿಕೊಂಡು ಹಡಗೇರಿತ್ತು. ಎಲ್ಸಿಕಾರಿನ ಯಂತ್ರದ ಮೇಲೂ ಫೋರ್ಡ್‌ನ ಕಣ್ಣು ಬಿದ್ದಿತ್ತು, ಅದನ್ನು ಕೊಡಲು ಅಲ್ಲಿಯವರು ಒಪ್ಪಲಿಲ್ಲ ಎಂಬ ಮಾತು ಆ ಊರಿನಲ್ಲಿ ಪ್ರಚಲಿತವಾಗಿದೆ. ಫೋರ್ಡ್ ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಬಯಲಿನಲ್ಲಿ ನೂರು ವರ್ಷ ನಿಂತು ತುಕ್ಕು ಹಿಡಿದ ಕಬ್ಬಿಣ, ಗೆದ್ದಲು ಹತ್ತದಿದ್ದರೂ ಕೊಳೆಯುತ್ತಿದ್ದ ಮರ, ಮುಂದೆ ಬಂದ ಮಹಾಯುದ್ಧದ ಕಾಲದಲ್ಲಿ ಮನೆಗಳ ಮುಂದಿನ ಕಂಬಿಗಳನ್ನೂ ಬಿಡದೆ ಕಿತ್ತೊಯ್ದ ಲೋಹಸಂಗ್ರಹ: ಇವೆಲ್ಲವನ್ನೂ ದಾಟಿ ಆ ಯಂತ್ರ ಅಲ್ಲೇ ಉಳಿಯುತ್ತಿತ್ತೆಂಬ ಭರವಸೆ ನನಗಿಲ್ಲ. ಅದು ಉಳಿದದ್ದು ಅವನಿಂದ. ಆದರೆ ಉಳಿದದ್ದು ಏನು ಎಂಬ ಪ್ರಶ್ನೆ ಬೇರೆ. ಸಿಲಿಂಡರನ್ನೂ ತೊಲೆಯನ್ನೂ ಒಯ್ಯಬಹುದು, ಬೇಕಿದ್ದರೆ ಕಲ್ಲನ್ನೂ ಒಯ್ಯಬಹುದು, ಗಣಿಬಾವಿಯನ್ನು ಒಯ್ಯಲಾಗದು. ಬಾವಿಯಿಲ್ಲದ ಜಾಗದಲ್ಲಿ ಹೊರತುದಿಯ ಸಲಾಕೆಗಳು ಏನನ್ನು ಎತ್ತಲು ಇವೆಯೆಂಬುದನ್ನು ಫಲಕದ ಮೇಲೆ ಬರೆದೇ ಹೇಳಬೇಕು. ಮೆಡ್ಲಾಕ್ ಕಣಿವೆಯಲ್ಲಿ ನಿಂತವನಿಗೆ ಅದನ್ನು ಹೇಳಬೇಕಾಗಿಲ್ಲ: ನದಿಯ ಮಟ್ಟ ಕಣ್ಣೆದುರಿದೆ, ಗಣಿ ಅದಕ್ಕಿಂತ ಕೆಳಗಿತ್ತು, ನೀರು ಎಲ್ಲಿಂದ ಬರುತ್ತಿತ್ತು, ಎಲ್ಲಿಗೆ ಬಿಡಬೇಕಾಗಿತ್ತು ಎಂಬುದು ನೆಲವೇ ತೋರಿಸುತ್ತದೆ.

ಯಂತ್ರಗಳು ಜಾಗ ಬದಲಿಸಿದ್ದೇ ಇಲ್ಲವೆಂದಲ್ಲ. ಕಾವೆಂಟ್ರಿ ಕಾಲುವೆಯ ಹಾಕ್ಸ್‌ಬರಿಯಲ್ಲಿ 1821ರಲ್ಲಿ ನಿಂತ ಯಂತ್ರ ಅದಕ್ಕೆ ಮೊದಲು ಸುಮಾರು ನೂರು ವರ್ಷ ಗ್ರಿಫ್ ಗಣಿಯಲ್ಲಿ ದುಡಿದಿತ್ತು. ಕುದುರೆಗಳ ಖರ್ಚಿನ ಮಾತು ಬಂದಿತಲ್ಲ, ಅದೇ ಗ್ರಿಫ್. ಹಾಕ್ಸ್‌ಬರಿಯಲ್ಲಿ ಅದು 1913ರವರೆಗೆ ಕಾಲುವೆಗೆ ನೀರೆತ್ತಿತು. ನ್ಯೂಕಮನ್ನನ ಮುನ್ನೂರನೆಯ ಜಯಂತಿಯ ಹೊತ್ತಿಗೆ, 1963ರಲ್ಲಿ, ಅದನ್ನು ಅವನ ಹುಟ್ಟೂರು ಡಾರ್ಟ್‌ಮತ್ತಿಗೆ ಒಯ್ದರು. ಹಾಕ್ಸ್‌ಬರಿಯ ಇಟ್ಟಿಗೆಯ ಎಂಜಿನ್ ಮನೆ ಕಾಲುವೆಯ ಪಕ್ಕದಲ್ಲಿ ಬರಿದಾಗಿ ನಿಂತಿದೆ. ಹುಟ್ಟಿಸಿದವನ ಊರಿಗೆ ಯಂತ್ರ ಸೇರಿದ್ದು ಗೌರವದ ಮಾತು. ಆದರೆ ದುಡಿಯಲು ಹೋದ ಕಡೆ ಅದಕ್ಕೆ ಹೊಸ ಬಾವಿ, ಹೊಸ ಗೋಡೆ ಒದಗಿಸಿದ್ದರು, ಪ್ರದರ್ಶನಕ್ಕೆ ಹೋದ ಕಡೆ ಅವು ಬೇಕಾಗಲಿಲ್ಲ.

ಕನ್ನಡದ ಓದುಗರಿಗೆ ಇಂಥ ನೆಲ ಅಪರಿಚಿತವೇನಲ್ಲ. ಕೋಲಾರದ ಚಿನ್ನದ ಗಣಿಗಳನ್ನು 1880ರ ದಶಕದಿಂದ ನಡೆಸಿದ ಜಾನ್ ಟೇಲರ್ ಕಂಪನಿ ಕಾರ್ನ್‌ವಾಲಿನ ಗಣಿಗಾರಿಕೆಯಲ್ಲಿ ಪಳಗಿದ ಮನೆತನದ್ದು. ಅಲ್ಲಿಂದ ಕೆಲಸಗಾರರೂ ಕೆಜಿಎಫ್‌ಗೆ ಬಂದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ತಲುಪುವವರೆಗೆ ಅಲ್ಲಿಯೂ ಯಂತ್ರಗಳನ್ನು ನಡೆಸಿದ್ದು ಉಗಿಯೇ. 2001ರಲ್ಲಿ ಗಣಿ ಮುಚ್ಚಿ ಪಂಪುಗಳು ನಿಂತಾಗ ಮೂರು ಕಿಲೋಮೀಟರಿಗೂ ಮೀರಿದ ಆಳದ ಆ ಶಾಫ್ಟುಗಳಲ್ಲಿ ನೀರು ಏರತೊಡಗಿತು. ಪಂಪು ನಿಂತರೆ ನೀರು ಬರುತ್ತದೆ; ಚಿನ್ನವಾಗಲಿ ಕಲ್ಲಿದ್ದಲಾಗಲಿ, ಗಣಿಯ ಮಟ್ಟಿಗೆ ಇದಕ್ಕೆ ಅಪವಾದವಿಲ್ಲ.

ಬ್ರಿಟನ್ನಿನಲ್ಲಿ ಆಳದ ಕಲ್ಲಿದ್ದಲು ಗಣಿಗಳೆಲ್ಲ ಮುಚ್ಚಿದ ಮೇಲೂ ನೀರೆತ್ತುವ ಕೆಲಸ ನಿಂತಿಲ್ಲ. ಹಳೆಯ ಸುರಂಗಗಳಲ್ಲಿ ತುಂಬಿ, ಕಬ್ಬಿಣದ ಅಂಶದಿಂದ ಕೆಂಪಾಗಿ ನದಿಗಳಿಗೆ ಸೇರುವ ನೀರನ್ನು ಹಲವೆಡೆ ಇಂದಿಗೂ ಪಂಪು ಮಾಡಿ, ತಿಳಿಗೊಳಿಸಿ ಬಿಡುತ್ತಾರೆ. ಟೈನ್ ನದಿಯ ದಂಡೆಯ ಗೇಟ್ಸ್‌ಹೆಡ್ ಊರಿನಲ್ಲಿ, ಫ್ರೈಯರ್ಸ್ ಗೂಸ್ ಎಂಬಲ್ಲಿ, ಒಂದು ಕಾಲಕ್ಕೆ ಗಣಿಗಳನ್ನು ಮುಳುಗದಂತೆ ಕಾದ ಎಂಜಿನ್ ಮನೆಯ ಪಾಳುಗೋಡೆಗಳು ನಿಂತಿವೆ. ಅದೇ ಊರಿನಲ್ಲಿ 2023ರಿಂದ ಗಣಿಗಳಲ್ಲಿ ತುಂಬಿರುವ ನೀರನ್ನು ಮೇಲೆತ್ತಿ, ಭೂಮಿಯ ಒಳಗಿನ ಶಾಖದಿಂದ ಬೆಚ್ಚಗಿರುವ ಅದರ ಬಿಸಿಯನ್ನು ಹೀಟ್ ಪಂಪುಗಳಿಂದ ಹೀರಿಕೊಂಡು, ಊರಿನ ಕಟ್ಟಡಗಳಿಗೆ ಕೊಳವೆಗಳಲ್ಲಿ ಹಂಚುತ್ತಿದ್ದಾರೆ. ಬಿಸಿ ಕಳೆದುಕೊಂಡ ನೀರು ಮತ್ತೆ ಗಣಿಗೇ ಹೋಗುತ್ತದೆ.